ಬೆಲ್ಲ ಸತ್ತದ್ದು ಕಂಟಕದಿಂದಲ್ಲ

ನನ್ನ ಆರು ವರ್ಷದ ಮಗಳು ಮೊದಲು ಸಾಕಿದ್ದು ಎರಡು ಗೋಲ್ಡ್‌ಫಿಶ್. ಚಿಕ್ಕಮಗಳೂರಿನ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದು ಗುಂಡನೆಯ ಗಾಜಿನ ಬಟ್ಟಲಿಗೆ ಬಿಟ್ಟೆವು. ಒಂದಕ್ಕೆ ಕಿತ್ತಳೆ, ಇನ್ನೊಂದಕ್ಕೆ ಬೆಲ್ಲ ಎಂದು ನಾಮಕರಣವಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಬೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮೂಡಿಗೆರೆಯಿಂದ ಬಂದಿದ್ದ ನಮ್ಮ ಅತ್ತೆ ನೋಡಿದವರೇ ಕೈ ಮುಗಿದರು. "ಅಳಬೇಡ ಪುಟ್ಟಿ, ಮನೆಗೆ ಬರಬೇಕಾಗಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು."

ಮಗಳು ಅಳು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಯಾರಿಗೆ ಬರಬೇಕಾಗಿತ್ತು ಅಜ್ಜಿ? ನನಗಾ?"

ವಾಸ್ತು ಮೀನಿನ ಹೆಸರಿನಲ್ಲಿ ಈ ನಂಬಿಕೆ ಈಗ ಒಳ್ಳೆಯ ವ್ಯಾಪಾರವೂ ಆಗಿದೆ. ಮೀನು ಸತ್ತರೆ ಸಾಕಿದವರಿಗೆ ಸಮಾಧಾನ, ಇನ್ನೊಂದು ಕೊಂಡರೆ ಅಂಗಡಿಗೆ ಲಾಭ. ನನ್ನ ತಕರಾರು ಅತ್ತೆಯ ಮೇಲಲ್ಲ, ಈ ಮಾತಿನಿಂದ ಕೊಲೆಗಾರ ತಪ್ಪಿಸಿಕೊಳ್ಳುತ್ತಾನೆ ಎಂಬುದರ ಮೇಲೆ. ಇಲ್ಲಿ ಕೊಲೆಗಾರ ನಾನೇ. ನೀರು ತಿಳಿಯಾಗಿ ಕಾಣುತ್ತಿದೆ ಎಂದು ಬದಲಿಸಿರಲಿಲ್ಲ. ಮಗಳು ಹೊತ್ತಿಗೊಂದು ಹಿಡಿ ಕಾಳು ಹಾಕುವಾಗ ತಡೆದಿರಲಿಲ್ಲ. ತೊಟ್ಟಿಗಳಲ್ಲಿ ಮೀನು ಸಾಕುವ ಗೆಳೆಯರೊಬ್ಬರು ಬಂದು ಆ ತಿಳಿನೀರಿಗೆ ಪರೀಕ್ಷೆಯ ಹನಿ ಹಾಕಿದರು. ನೀರು ಕಡು ಹಸಿರಾಯಿತು. ಅಮೋನಿಯಾ!

ದನದ ಕೊಟ್ಟಿಗೆಯಲ್ಲಿ ಮೂಗು ಚುರುಗುಟ್ಟಿಸುವ ಅನಿಲವೇ ಇದು. ಮೀನು ಇದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ಉಳಿದ ಕಾಳು ಕೊಳೆತರೂ ಇದೇ ಹುಟ್ಟುತ್ತದೆ. ಕರಗಿದರೆ ಬಣ್ಣವಿಲ್ಲ, ಆದ್ದರಿಂದ 'ತಿಳಿ' ಎನ್ನುವ ಕಣ್ಣಿನ ಸಾಕ್ಷಿಗೆ ಇಲ್ಲಿ ಬೆಲೆಯಿಲ್ಲ. ಹಾಗಾದರೆ ಹಿರೇಕೊಳಲೆ ಕೆರೆಯಲ್ಲಿ ಮೀನುಗಳು ಬದುಕಿರುವುದು ಹೇಗೆ? ಅಲ್ಲಿ ಯಾರೂ ನೀರು ಬದಲಿಸುವುದಿಲ್ಲವಲ್ಲ.

ಮದುವೆ ಮನೆಯ ಊಟವನ್ನು ನೆನಪಿಸಿಕೊಳ್ಳಿ. ಮೊದಲ ಪಂಕ್ತಿ ಎದ್ದಿದೆ, ಎಂಜಲೆಲೆ ತೆಗೆಯುವವರು ಬಂದಿಲ್ಲ. ಅಡುಗೆ ಎಷ್ಟೇ ರುಚಿಯಾಗಿರಲಿ, ಎರಡನೆಯ ಪಂಕ್ತಿ ಕೂರುವುದೆಲ್ಲಿ? ಕೆರೆಯ ಕೆಸರಿನಲ್ಲಿ, ಕಲ್ಲಿನ ಲೋಳೆಯಲ್ಲಿ ಈ ಕೆಲಸಕ್ಕೆ ಬ್ಯಾಕ್ಟೀರಿಯಾಗಳಿವೆ. ನೈಟ್ರೊಸೊಮೊನಾಸ್ ಎಲೆ ಎತ್ತುತ್ತದೆ, ಅಂದರೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಎಲೆ ಎತ್ತಿದ ಮಾತ್ರಕ್ಕೆ ಆಗಲಿಲ್ಲ, ಚೆಲ್ಲಿದ ಸಾರಿನಿಂದ ನೆಲ ಇನ್ನೂ ಜಾರುತ್ತಿರುತ್ತದೆ. ನೈಟ್ರೈಟ್ ಕೂಡ ವಿಷವೇ. ಮೀನಿನ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡಿ ರಕ್ತವನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನೆಲ ಒರೆಸಲು ನೈಟ್ರೊಸ್ಪೈರಾ ಬರಬೇಕು. ಅದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಮೀನಿಗೆ ಅಷ್ಟೇನೂ ಅಪಾಯವಲ್ಲ, ಗಿಡಗಳಿಗಂತೂ ಗೊಬ್ಬರ. ಎರಡೂ ಕೆಲಸವನ್ನು ಒಬ್ಬನೇ ಮಾಡುವ ನೈಟ್ರೊಸ್ಪೈರಾ ಕೂಡ ಇದೆ ಎಂದು ಗೊತ್ತಾದದ್ದು 2015ರಲ್ಲಿ. ಅದು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ನೀರು ಸೋಸುವ ವ್ಯವಸ್ಥೆ!

ಈ ಆಳುಗಳ ದೋಷ ಒಂದೇ, ನಿಧಾನ. ನಮ್ಮ ಕರುಳಿನ ಇ. ಕೋಲೈ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇವಕ್ಕೆ ಅರ್ಧ ದಿನ, ಒಂದು ದಿನವೇ ಬೇಕು. 1877ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಷ್ಲೋಸಿಂಗ್ ಮತ್ತು ಮ್ಯುಂಟ್ಸ್, ಮರಳು ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ಇಳಿಬಿಟ್ಟರು. 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಜೀವಿಗಳಿಗೆ ಮಂಪರು ತರಿಸುವ ಕ್ಲೋರೊಫಾರ್ಮ್ ಹಾಯಿಸಿದರೆ ನಿಂತುಹೋಯಿತು. ಬರೀ ರಸಾಯನಕ್ರಿಯೆಗೆ ಕ್ಲೋರೊಫಾರ್ಮ್ ಏನು ಮಾಡೀತು? ಅಲ್ಲಿ ಜೀವವಿತ್ತು. ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು (ಅದೂ ಒಂದು ನೈಟ್ರೇಟೇ) ಗಂಜಲ ಕುಡಿದ ಮಣ್ಣಿನಿಂದ ಶತಮಾನಗಳ ಕಾಲ ತೆಗೆದವರಿಗೂ ಈ ಕೂಲಿಯಾಳು ಯಾರೆಂದು ಗೊತ್ತಿರಲಿಲ್ಲ. ಪ್ರಯೋಗಾಲಯದ ಪೌಷ್ಟಿಕ ಆಹಾರದಲ್ಲಿ ಇವನ್ನು ಬೆಳೆಸಲು ಹೋದವರೆಲ್ಲ ಸೋತರು. ಆಹಾರವನ್ನೇ ಕೊಡದೆ, ಬರೀ ಲವಣಗಳಲ್ಲಿ ಇವನ್ನು ಬೇರ್ಪಡಿಸಿ ತೋರಿಸಿದವನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ, 1890ರಲ್ಲಿ. ದೇಹ ಕಟ್ಟಿಕೊಳ್ಳಲು ಇವಕ್ಕೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸಾಕು.

ಫ್ರಾನ್ಸಿನ ಕೊಳವೆ ಕೇಳಿದ್ದು 20 ದಿನ. ನಮ್ಮ ಬೆಲ್ಲಕ್ಕೆ ಸಿಕ್ಕಿದ್ದು ಒಂಬತ್ತು.

ಬುದ್ಧಿ ಬಂದ ಮೇಲೆ ನಾನು ಮಾಡಹೊರಟದ್ದು ಇನ್ನೂ ದೊಡ್ಡ ತಪ್ಪು: ಬಟ್ಟಲು, ಕಲ್ಲು ಎಲ್ಲವನ್ನೂ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯುವುದು. ಬಂದಿದ್ದ ನಾಲ್ಕು ಆಳುಗಳನ್ನೂ ಕ್ಲೋರಿನ್ ಕೊಲ್ಲುತ್ತಿತ್ತು. ಗೆಳೆಯರು ಕೈ ಹಿಡಿದು ನಿಲ್ಲಿಸಿದರು. ಕಿತ್ತಳೆಗೆ ದೊಡ್ಡ ತೊಟ್ಟಿಯೊಂದನ್ನು ತಂದು, ಹಿಂದಿನ ದಿನ ತುಂಬಿಟ್ಟ ನೀರು ಸುರಿದು, ತಮ್ಮ ಹಳೆಯ ತೊಟ್ಟಿಯ ಕೊಳಕು ಸ್ಪಾಂಜನ್ನು ಅದರಲ್ಲಿ ಮುಳುಗಿಸಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ನೋಡಲು ಅಸಹ್ಯ. ಆದರೆ ಕಿತ್ತಳೆ ಇಂದಿಗೂ ಇದೆ.

ಬೆಲ್ಲವನ್ನು ಮನೆಯ ಹಿಂದಿನ ದಾಸವಾಳದ ಬುಡದಲ್ಲಿ ಹೂತೆವು. ಶಾಲೆಯ ಚಿತ್ರಪಟದಲ್ಲಿ ಹುಲ್ಲು, ಜಿಂಕೆ, ಹುಲಿ. ಹುಲಿ ಸತ್ತ ಮೇಲೆ ಒಂದು ಸಣ್ಣ ಬಾಣ ಮಣ್ಣಿನತ್ತ. ಜೀವಚಕ್ರದ ಅರ್ಧ ಕೆಲಸ ಆ ಒಂದು ಬಾಣದೊಳಗೇ ನಡೆಯುತ್ತದೆ, ಅದನ್ನು ಯಾರೂ ಬಿಡಿಸಿ ತೋರಿಸುವುದಿಲ್ಲ. ಕಾಫಿ ತೋಟದವರಿಗೆ ಇದು ಹೊಸದಲ್ಲ: ಹಾಲುವಾಣದ ಸೊಪ್ಪು ಉದುರಿ ದರಗಾಗಿ, ಕೊಳೆತು, ಗಿಡಕ್ಕೇ ಸೇರುವುದನ್ನು ಅವರು ವರ್ಷವೂ ನೋಡುತ್ತಾರೆ. ಬೆಲ್ಲಕ್ಕೂ ಅದೇ ದಾರಿ. ಮಾಂಸದ ಪ್ರೋಟೀನು ಕೊಳೆತು ಅಮೋನಿಯಾ; ಮಣ್ಣಿನಲ್ಲೂ ಅದೇ ಎಲೆ ಎತ್ತುವವರು, ಅದೇ ನೆಲ ಒರೆಸುವವರು; ಕೊನೆಗೆ ಬೇರು ಹೀರುವ ನೈಟ್ರೇಟ್. ಕೊಂದದ್ದೂ ಅದೇ ಅಮೋನಿಯಾ, ಚಿಗುರಿಸುವುದೂ ಅದೇ. ಬಟ್ಟಲಿನಲ್ಲಿ ಇಲ್ಲದಿದ್ದದ್ದು ನಡುವಿನ ಆಳುಗಳು ಮಾತ್ರ.

ಎರಡು ತಿಂಗಳ ಮೇಲೆ ಮಗಳು ಚಮಚದಲ್ಲಿ ಅಗೆದು ನೋಡಿದಳು. ಕೂದಲೆಳೆಯಂಥ ನಾಲ್ಕಾರು ಮುಳ್ಳುಗಳು ಸಿಕ್ಕವು. ಉಳಿದ ಬೆಲ್ಲ ಎಲ್ಲಿ ಎಂದಳು. ಗಿಡದ ಕಡೆ ಕೈ ತೋರಿಸಿದೆ. ಈ ಹೂವಿನಲ್ಲೇ ಎಂದು ಆಣೆ ಮಾಡಲಾರೆ, ಆದರೆ ಗಿಡದಲ್ಲೆಲ್ಲೋ ಸ್ವಲ್ಪವಾದರೂ ಇದ್ದೀತು ಎಂದೆ. ಅವಳಿಗೆ ಮೊದಲ ಅರ್ಧ ಬೇಡವಾಗಿತ್ತು. ಅರಳಿದ ಕೆಂಪು ದಾಸವಾಳವೊಂದನ್ನು ಕಿತ್ತು, ಪೂಜೆಗೆ ಕುಳಿತಿದ್ದ ಅತ್ತೆಯ ಬಳಿ ಓಡಿದಳು.

"ಅಜ್ಜಿ, ಇದರಲ್ಲಿ ಬೆಲ್ಲ ಇದೆ. ಮೀನು ಬೆಲ್ಲ."

ಹೂವು ಹಿಡಿದ ಅತ್ತೆಯ ಕೈ ದೇವರ ಪಟದ ಮುಂದೆ ಅರ್ಧದಲ್ಲೇ ನಿಂತಿತು.