ಗದ್ದೆ ಹೋದ ಮೇಲೆ ಬಂದ ಇಂಗುಗುಂಡಿ

ಮಳೆಗಾಲವಿಡೀ ಬಟ್ಟೆ ಒಣಗದ ಊರಿನವರಿಗೆ ಮಳೆಕೊಯ್ಲಿನ ಪಾಠ ಹೇಳಿದರೆ ನಗು ಬರುತ್ತದೆ. ಆದರೆ ಕೊಡಗಿನ ಎಷ್ಟೋ ಬಾವಿಗಳು ಮಾರ್ಚ್‌ನಲ್ಲೇ ತಳ ಕಾಣುತ್ತಿವೆ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ, ಕುಶಾಲನಗರದಲ್ಲಿ ಅದರ ಕಾಲು ಭಾಗದಷ್ಟು. ಎರಡೂ ಕಡೆ ಹೆಚ್ಚಿನ ಮಳೆ ಕೆಲವೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಇಳಿಜಾರಿನಲ್ಲಿ ಬಿದ್ದ ನೀರು ತೋಡು, ಅಂದರೆ ಸಣ್ಣ ಹಳ್ಳ ಸೇರಿ ಕಾವೇರಿಗೆ ಓಡುತ್ತದೆ.

ಅದನ್ನು ತಡೆಯುವ ಏರ್ಪಾಡು ಹಿಂದೆಯೇ ಇತ್ತು, ಅದಕ್ಕೊಂದು ಹೆಸರಿರಲಿಲ್ಲ ಅಷ್ಟೇ. ಮೇಲೆ ಬಾಣೆ, ಅಂದರೆ ಗದ್ದೆಗೆ ಹೊಂದಿಕೊಂಡ ಮರಗಳ ಎತ್ತರದ ಜಾಗ, ಕೆಳಗೆ ಗದ್ದೆ. ನಾಟಿಯಾದ ಮೇಲೆ ತಿಂಗಳುಗಟ್ಟಲೆ ಗದ್ದೆಯಲ್ಲಿ ನೀರು ನಿಲ್ಲುತ್ತಿತ್ತು, ಮೆಲ್ಲಗೆ ಇಂಗುತ್ತಿತ್ತು. ಬ್ರಿಟಿಷರ ಕಾಲದಲ್ಲಿ, 1850ರ ದಶಕದಲ್ಲಿ ಕಾಫಿ ತೋಟ ಶುರುವಾಯಿತು. ಬಾಣೆ ಕಾಫಿಗೆ ಹೋದರೂ ಗದ್ದೆ ಉಳಿದಿತ್ತು.

ಲೆಕ್ಕ ತಪ್ಪಿದ್ದು 1990ರ ದಶಕದಿಂದೀಚೆಗೆ. ಕಾಫಿ ಮಂಡಳಿಯ ಹಿಡಿತ ತಪ್ಪಿ ಕಾಫಿ ಮಾರಾಟ ಮುಕ್ತವಾಯಿತು, ಒಳ್ಳೆಯ ಬೆಲೆ ಬಂತು. ರೋಬಸ್ಟಾ ತಳಿಯ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಹೂ ಅರಳಿಸುವ ಮಳೆ ಬೇಕೇ ಬೇಕು. ಅದು ಕೈಕೊಟ್ಟರೆ ಸ್ಪ್ರಿಂಕ್ಲರ್. ಸ್ಪ್ರಿಂಕ್ಲರ್‌ಗೆ ಕೆರೆ, ಕೆರೆ ಸಾಲದಿದ್ದರೆ ಬೋರ್‌ವೆಲ್. ಅತ್ತ ಗದ್ದೆಗೆ ಆಳು ಸಿಗುತ್ತಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಆನೆ ಕಾಟ ಬೇರೆ. ಗದ್ದೆ ಪಾಳು ಬಿತ್ತು. ಕೆಲವು ಕಡೆ ಶುಂಠಿ ಬಂತು, ಅಡಿಕೆ ಬಂತು, ಸೈಟೂ ಆಯಿತು. ಶುಂಠಿಗೆ ನೀರು ನಿಲ್ಲಬಾರದು, ಕಾಲುವೆ ತೋಡಿ ಹೊರಗೆ ಬಿಡುತ್ತಾರೆ. ಅವರವರ ಕಷ್ಟ ಅವರವರಿಗೆ, ಯಾರನ್ನು ದೂರುವುದು?

ಈಗ ಊರಿನವರು ಸೇರಿ ಕೆರೆ ಹೂಳು ತೆಗೆಯುವುದು, ಮಳೆ ನಿಂತ ಮೇಲೆ ತೋಡಿಗೆ ಮರಳು ಚೀಲದ ಕಟ್ಟ ಹಾಕುವುದು ಅಲ್ಲಲ್ಲಿ ನಡೆದಿದೆ. ತೋಟದಲ್ಲಿ ಕಾಫಿ ಸಾಲಿನ ನಡುವೆ ತೊಟ್ಟಿಲು ಗುಂಡಿ, ಅಂದರೆ ಮಳೆನೀರು ಇಂಗುವ ಉದ್ದನೆಯ ಗುಂಡಿ ತೆಗೆಯುವುದು ಹಳೆಯ ರೂಢಿಯೇ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಮೇಲಿನ ತೋಟದಲ್ಲಿ ಇಂಗಿದ ನೀರು ಕೆಳಗಿನ ಮನೆಯ ಬಾವಿಗೆ ಬರುತ್ತದೆ, ಗುಂಡಿ ತೆಗೆದವರ ಬಾವಿಗೇ ಬರಬೇಕೆಂದಿಲ್ಲ.

ಹಾಗಂತ ಎಲ್ಲ ಕಡೆ ಗುಂಡಿ ತೆಗೆಯುವಂತೆಯೂ ಇಲ್ಲ. 2018ರ ಆಗಸ್ಟ್‌ನಲ್ಲಿ ನೀರು ಕುಡಿದ ಗುಡ್ಡಗಳೇ ಜಾರಿದವು. ಕಡಿದಾದ ಇಳಿಜಾರಿನಲ್ಲಿ ನೀರು ಇಂಗಿಸಲು ಹೋದರೆ ಅಪಾಯವೇ ಜಾಸ್ತಿ. ಇಂಗಿಸಲು ಸುರಕ್ಷಿತ ಜಾಗ ತಗ್ಗಿನ ಸಮತಟ್ಟು ನೆಲ. ಅಂದರೆ ಮತ್ತದೇ ಗದ್ದೆ ಅಲ್ವಾ? ನಾಟಿ ಮಾಡಲಾಗದಿದ್ದರೂ ಜೂನ್‌ಗೆ ಮೊದಲು ಬದು ಸರಿಮಾಡಿಟ್ಟರೆ ಪಾಳು ಗದ್ದೆಯಲ್ಲೂ ನೀರು ನಿಲ್ಲುತ್ತದೆ.