ಓಪನ್ ಸೋರ್ಸ್ ಅಂದರೆ ಫುಕಟ್ ಅಲ್ಲ

ಕಲಬುರಗಿಯ ಒಂದು ದಾಲ್ ಮಿಲ್‌ಗೆ ಬಂದ ಕೊಟೇಶನ್ ನೋಡಿದೆ. ಟ್ಯಾಲಿ ಲೆಕ್ಕ, ವೇಬ್ರಿಡ್ಜ್ ರೆಕಾರ್ಡು, ತೊಗರಿ ಖರೀದಿಯ ಎಕ್ಸೆಲ್ ಮೂರನ್ನೂ ಒಂದೇ ಕಡೆ ತರುವ ಕೆಲಸ. ಕೊನೆಗೊಂದು ಸಾಲು: 'ಓಪನ್ ಸೋರ್ಸ್ ಟೂಲ್, ಆದ್ದರಿಂದ ಖರ್ಚಿಲ್ಲ.' ಆ ಟೂಲ್ ಓಪನ್ ಸೋರ್ಸೇ ಅಲ್ಲ, ಕೆಲವು ದಿನ ಟ್ರಯಲ್ ಕೊಡುವ ಕ್ಲೌಡ್ ಸೇವೆ. ನಮ್ಮ ಕಡೆ ಇಂಥದ್ದಕ್ಕೆ 'ಫುಕಟ್' ಎಂಬ ಒಳ್ಳೆಯ ಮಾತಿದೆ. ಅದನ್ನೇ ಬರೆಯಬಹುದಿತ್ತು.

ಈ ಗೊಂದಲ ಹಳೆಯದು. ಇಂಗ್ಲಿಷಿನ 'ಫ್ರೀ'ಗೆ ಎರಡು ಅರ್ಥ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1980ರ ದಶಕದಲ್ಲಿ 'ಫ್ರೀ ಸಾಫ್ಟ್‌ವೇರ್' ಅಂದಾಗ ಅವರ ಮನಸ್ಸಲ್ಲಿದ್ದದ್ದು ಸ್ವಾತಂತ್ರ್ಯ, ಕೇಳಿದವರ ಕಿವಿಗೆ ಬಿದ್ದದ್ದು ಬಿಟ್ಟಿ. ಅದನ್ನು ತಪ್ಪಿಸಲೆಂದೇ 1998ರಲ್ಲಿ ಕ್ರಿಸ್ಟೀನ್ ಪೀಟರ್ಸನ್ 'ಓಪನ್ ಸೋರ್ಸ್' ಎಂಬ ಹೆಸರು ಸೂಚಿಸಿದರು. ಈಗ ಅದಕ್ಕೂ ಬಿಟ್ಟಿ ಎಂಬ ಅರ್ಥವೇ ಅಂಟಿಕೊಂಡಿದೆ. ಬೇಸರ ಆಗುತ್ತೆ, ಅಲ್ವಾ?

ಓಪನ್ ಸೋರ್ಸ್ ಅನ್ನುವುದು ಬೆಲೆಯ ಮಾತಲ್ಲ, ಹಕ್ಕಿನ ಮಾತು. ಕೋಡ್, ಅಂದರೆ ಟೂಲಿನ ಮೂಲ ಬರಹ, ಕಣ್ಣಿಗೆ ಕಂಡರೆ ಸಾಲದು. ಯಾವ ಕೆಲಸಕ್ಕಾದರೂ ಬಳಸಲು, ತಿದ್ದಲು, ತಿದ್ದಿದ್ದನ್ನು ಹಂಚಲು ಲೈಸೆನ್ಸ್ ಒಪ್ಪಿಗೆ ಕೊಡಬೇಕು. ಈ ಹಕ್ಕಿನ ಬೆಲೆ ಗೊತ್ತಾಗುವುದು ಕಂಪನಿ ಕೈಬಿಟ್ಟಾಗ. ಟ್ಯಾಲೆಂಡ್ ಓಪನ್ ಸ್ಟುಡಿಯೋ ನೋಡಿ. ಡೇಟಾ ಜೋಡಿಸುವವರು ವರ್ಷಗಟ್ಟಲೆ ಪುಕ್ಕಟೆ ಬಳಸಿದ ಟೂಲ್ ಅದು. 2023ರಲ್ಲಿ ಕ್ಲಿಕ್ ಕಂಪನಿ ಟ್ಯಾಲೆಂಡನ್ನು ಕೊಂಡಿತು, 2024ರ ಜನವರಿ 31ಕ್ಕೆ ಓಪನ್ ಸ್ಟುಡಿಯೋ ನಿಂತಿತು. ಬರೀ ಫುಕಟ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೋಡ್ ಈ ಹಕ್ಕುಗಳನ್ನೆಲ್ಲ ಕೊಡುವ ಅಪಾಚೆ ಲೈಸೆನ್ಸ್‌ನಲ್ಲಿ ಇದ್ದದ್ದರಿಂದ ಬಳಕೆದಾರರೇ ಅದನ್ನು ಎತ್ತಿಕೊಂಡು ಟಾಲಾಕ್ಸಿ ಎಂಬ ಹೆಸರಲ್ಲಿ ಮುಂದುವರಿಸಿದರು.

ಡೇಟಾ ಎಳೆದು ಜೋಡಿಸುವ ಮತ್ತೊಂದು ಟೂಲ್ ಏರ್‌ಬೈಟ್‌ನದು ಇನ್ನೊಂದು ಥರ. ಎಲ್ಲರೂ ಅದನ್ನು ಓಪನ್ ಸೋರ್ಸ್ ಅನ್ನುತ್ತಾರೆ. ಆದರೆ 2021ರಲ್ಲಿ ಅದರ ಮುಖ್ಯ ಭಾಗ ನಿಜಕ್ಕೂ ಮುಕ್ತವಾದ ಎಂಐಟಿ ಲೈಸೆನ್ಸ್ ಬಿಟ್ಟು, ಕೆಲವು ನಿರ್ಬಂಧ ಹಾಕುವ ಎಲಾಸ್ಟಿಕ್ ಲೈಸೆನ್ಸ್ 2.0ಕ್ಕೆ ಹೋಯಿತು. ಕೋಡ್ ಕಾಣುತ್ತದೆ, ತಿದ್ದಲೂಬಹುದು. ನಿಮ್ಮ ಮಿಲ್ಲಿನ ಲೆಕ್ಕಕ್ಕೆ ಸುಮ್ನೆ ಹಾಕಿಕೊಳ್ಳಿ, ಯಾರೂ ಕೇಳಲ್ಲ. ಅದನ್ನೇ ನಿಮ್ಮ ಸರ್ವರ್‌ನಲ್ಲಿ ನಡೆಸುತ್ತಾ ಊರಿನ ಹತ್ತು ಮಿಲ್ಲುಗಳಿಗೆ ತಿಂಗಳ ಬಾಡಿಗೆ ಸೇವೆಯಾಗಿ ಮಾರಲು ಹೊರಟರೆ ಲೈಸೆನ್ಸ್ ಅಡ್ಡ ಬರುತ್ತದೆ. ಟೂಲ್ ಕೆಟ್ಟದ್ದಲ್ಲ, ಚೆನ್ನಾಗಿಯೇ ಇದೆ. ಹೆಸರು ಮಾತ್ರ ಸರಿಯಿಲ್ಲ. ಹಾಗಾಗಿ ಟೂಲ್‌ನಲ್ಲಿ ಕನೆಕ್ಟರ್ (ಬೇರೆ ಬೇರೆ ಸಾಫ್ಟ್‌ವೇರ್‌ಗೆ ಜೋಡಿಸುವ ಕೊಂಡಿ) ಎಷ್ಟಿವೆ ಅಂತ ಎಣಿಸುವ ಮೊದಲು ಲೈಸೆನ್ಸ್ ಫೈಲ್ ತೆರೆದು ನೋಡಿ.

ಇನ್ನು 'ಖರ್ಚಿಲ್ಲ' ಅನ್ನುವ ಮಾತು. ಟ್ಯಾಲಿ ಪ್ರೈಮ್‌ನಿಂದ ಡೇಟಾ ಎಳೆಯುವುದು ಕಷ್ಟವಲ್ಲ. ಸೆಟ್ಟಿಂಗ್ ಆನ್ ಮಾಡಿದರೆ 9000ನೇ ಪೋರ್ಟ್‌ನಲ್ಲಿ, ಅಂದರೆ ಡೇಟಾ ಹೊರಬರುವ ಬಾಗಿಲಲ್ಲಿ, ಬೇರೆ ಪ್ರೋಗ್ರಾಮ್ ಓದಬಲ್ಲ ಎಕ್ಸ್‌ಎಂಎಲ್ ರೂಪದಲ್ಲಿ ಕೊಡುತ್ತದೆ. ತಲೆನೋವು ಎಳೆದ ಮೇಲೆ. ಒಂದು ಫೈಲಲ್ಲಿ 'ಗುಲ್ಬರ್ಗ', ಇನ್ನೊಂದರಲ್ಲಿ 'ಕಲಬುರ್ಗಿ', ಮತ್ತೊಂದರಲ್ಲಿ 'ಕಲಬುರಗಿ'. ಊರಿನ ಹೆಸರು 2014ರಲ್ಲೇ ಬದಲಾಯಿತು, ಎಕ್ಸೆಲ್‌ಗೆ ಯಾರು ಹೇಳಬೇಕು? ವೇಬ್ರಿಡ್ಜ್ ಕಿಲೋ ಬರೆದರೆ ಖರೀದಿ ಶೀಟು ಕ್ವಿಂಟಲ್ ಬರೆಯುತ್ತದೆ. ರೈತರ ಹೆಸರನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದರಂತೂ ಮುಗಿಯಿತು. ಪರದೆಯ ಮೇಲೆ ಕನ್ನಡ, ಫೈಲಿನೊಳಗೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಮೊದಲು ಅದನ್ನು ಯೂನಿಕೋಡ್‌ಗೆ ತರಬೇಕು, ಆಮೇಲೆ ಒಬ್ಬರು ಕೂತು ಓದಿ ತಿದ್ದಬೇಕು. ಸಂಬಳ ಹೋಗುವುದು ಅಲ್ಲಿ. ಟೂಲ್ ಪುಕ್ಕಟೆಯಾದರೂ ಅಷ್ಟೇ, ಲಕ್ಷ ರೂಪಾಯಿಯದಾದರೂ ಅಷ್ಟೇ.

ಯಾವ ಟೂಲ್ ಒಳ್ಳೆಯದು ಅಂತ ಕೇಳಿದರೆ, ಕೋಡ್ ಬರೆಯದೆ ಪರದೆಯ ಮೇಲಿನ ಪೆಟ್ಟಿಗೆಗಳಿಗೆ ಗೆರೆ ಎಳೆದು ಕೆಲಸ ಮಾಡುವ ಅಭ್ಯಾಸದವರಿಗೆ ಅಪಾಚೆ ಹಾಪ್. ಪೆಂಟಾಹೋದ ಕೆಟಲ್ ಎಂಬ ಹಳೆಯ ಟೂಲ್‌ನಿಂದ ಕವಲೊಡೆದದ್ದು, ಲೈಸೆನ್ಸ್ ನಿಜಕ್ಕೂ ಮುಕ್ತ. ಅಪಾಚೆ ನೈಫೈ ಹುಟ್ಟಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯಲ್ಲಿ, 2014ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬಂತು. ಬಿಡುವಿಲ್ಲದೆ ಹರಿಯುವ ಡೇಟಾಗೆ ಅದು ಸರಿ. ದಿನಕ್ಕೊಮ್ಮೆ ಬರುವ ಮೂರು ಫೈಲಿಗೆ ಜಾಸ್ತಿಯಾಯಿತು. ಅಷ್ಟಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ರಾತ್ರಿ ತಾನಾಗಿ ಓಡುವ ಒಂದು ಪೈಥಾನ್ ಸ್ಕ್ರಿಪ್ಟ್ ಸಾಕು. ಎರಡೂ ಓಪನ್ ಸೋರ್ಸ್, ಎರಡೂ ಫುಕಟ್. ಸ್ಕ್ರಿಪ್ಟ್ ಬರೆಯುವವರು ಮಾತ್ರ ಅಲ್ಲ.