ಗ್ರೊಮೆಟ್ ಬಿದ್ದ ಮೇಲೆ ತೂತು ಏನಾಗುತ್ತದೆ?

ಕಿವಿಗೆ ಗ್ರೊಮೆಟ್, ಅಂದರೆ ಕಿವಿತಮಟೆಯ ರಂಧ್ರದಲ್ಲಿ ಕೂರಿಸುವ ಪುಟ್ಟ ನಳಿಕೆ, ಹಾಕಿಸಿದ ಮಗುವಿನ ಹೆತ್ತವರಿಗೆ ಕಾಡುವುದು ಒಂದೇ ಚಿಂತೆ: ಅದು ಬಿದ್ದ ಮೇಲೆ ತಮಟೆಯಲ್ಲಿ ತೂತು ಹಾಗೇ ಉಳಿದುಬಿಟ್ಟರೆ? ಇನ್ನೂರು ವರ್ಷಗಳ ಹಿಂದೆ ವೈದ್ಯರ ತಲೆನೋವು ಇದಕ್ಕೆ ತದ್ವಿರುದ್ಧವಾಗಿತ್ತು. ಕೊರೆದ ತೂತು ಉಳಿಯುತ್ತಲೇ ಇರಲಿಲ್ಲ.

ತಮಟೆಯ ಹಿಂದಿನ ನಡುಗಿವಿಗೆ ಮೂಗಿನ ಹಿಂಬದಿಯಿಂದ ಗಾಳಿ ತರುವ ಯೂಸ್ಟೇಶಿಯನ್ ನಾಳ ಕಟ್ಟಿಕೊಂಡು ಕಿವಿ ಮಂದವಾದವರ ತಮಟೆಗೆ ರಂಧ್ರ ಮಾಡಿದರೆ ಕೇಳಿಸುತ್ತದೆ ಎಂದು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1801ರಲ್ಲಿ ವರದಿ ಮಾಡಿದರು. ಆದರೆ ಗಾಯ ಮಾಯುತ್ತಿದ್ದಂತೆ ಕಿವುಡು ಮರಳುತ್ತಿತ್ತು. ಎಲ್ಲ ಬಗೆಯ ಕಿವುಡಿಗೂ ಇದನ್ನೇ ಮಾಡತೊಡಗಿದ್ದರಿಂದ ವಿಧಾನಕ್ಕೆ ಕೆಟ್ಟ ಹೆಸರೂ ಬಂತು. 1860ರ ದಶಕದಲ್ಲಿ ವಿಯೆನ್ನಾದ ಆಡಮ್ ಪೊಲಿಟ್ಜರ್ ರಂಧ್ರದಲ್ಲಿ ರಬ್ಬರಿನ ಪುಟ್ಟ ಬಳೆ ಕೂರಿಸಿ ನೋಡಿದರು, ಅದು ನೆಲೆನಿಲ್ಲಲಿಲ್ಲ. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ ನಳಿಕೆ ಬಳಸಿದ ಮೇಲೆಯೇ ಇದು ರೂಢಿಗೆ ಬಂದದ್ದು.

ಇಂದಿನ ಗ್ರೊಮೆಟ್ ನೂಲಿನ ರೀಲಿನಂತೆ: ನಡುವೆ ಸುಮಾರು 1 ಮಿ.ಮೀ. ರಂಧ್ರ, ಎರಡೂ ಕಡೆ ಅಂಚು. ಸೂಕ್ಷ್ಮದರ್ಶಕದಡಿ ತಮಟೆಯ ಮುಂದಿನ ಕೆಳಭಾಗದಲ್ಲಿ 2ರಿಂದ 3 ಮಿ.ಮೀ. ಸೀಳಿ, ಒಳಗಿನ ದ್ರವ ಹೀರಿ, ಕೂರಿಸುತ್ತಾರೆ. ಹಿಂದಿನ ಮೇಲ್ಭಾಗದ ಒಳಗೆ ಕಿವಿಯ ಮೂಳೆಗಳಿರುವುದರಿಂದ ಅತ್ತ ಹೋಗುವುದಿಲ್ಲ. ನೀರು ಬಸಿಯಲಿಕ್ಕೆ ಎಂದು ಹಲವರು ತಿಳಿದಿದ್ದಾರೆ. ಇದರ ಮುಖ್ಯ ಕೆಲಸ ನಡುಗಿವಿಗೆ ಗಾಳಿ ಒದಗಿಸುವುದು.

ಗ್ರೊಮೆಟ್ಟನ್ನು ಹೊರದಬ್ಬುವುದು ತಮಟೆಯೇ. ತಮಟೆಯ ಹೊರಚರ್ಮ ನಡುವಿನಿಂದ ಅಂಚಿನತ್ತ ಸದಾ ಸರಿಯುತ್ತಿರುತ್ತದೆ. ಉದುರಿದ ಪದರಗಳು ಗ್ರೊಮೆಟ್ಟಿನ ಹೊರ ಅಂಚಿನಡಿ ಸೇರಿ ಅದನ್ನು ಮೇಲೆತ್ತುತ್ತವೆ. ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ಅದು ಗುಗ್ಗೆಯ ಜೊತೆ ಕಿವಿನಾಳಕ್ಕೆ ಬರುತ್ತದೆ. ಹತ್ತಿಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಎರಡು ಮೂರು ವರ್ಷವಾದರೂ ಬೀಳದಿದ್ದರೆ ವೈದ್ಯರು ತೆಗೆಯುವುದುಂಟು.

ಮೈಯ ಬೇರೆಡೆ ಗಾಯ ತಳದಿಂದ ತುಂಬಿ, ಅದರ ಮೇಲೆ ಚರ್ಮ ಹಬ್ಬುತ್ತದೆ. ತಮಟೆಯಲ್ಲಿ ತಳವೇ ಇಲ್ಲ, ಎರಡೂ ಕಡೆ ಗಾಳಿ. ಹಾಗಾಗಿ ಹೊರಚರ್ಮವೇ ಮೊದಲು ಸೇತುವೆ ಕಟ್ಟುತ್ತದೆ, ನಾರಿನ ಪದರ ಹಿಂದೆ ಬರುತ್ತದೆ. ಆ ಪದರ ಪೂರ್ತಿ ಬರದಿದ್ದರೆ ಅಲ್ಲಿ ತೆಳು ಪೊರೆ ಉಳಿದು, ಯೂಸ್ಟೇಶಿಯನ್ ನಾಳ ಇನ್ನೂ ಕೆಲಸ ಮಾಡದಿದ್ದರೆ ಒಳಕ್ಕೆ ಎಳೆದುಕೊಳ್ಳಬಹುದು. ಸುಣ್ಣದಂಥ ಬಿಳಿ ಕಲೆ ಕಂಡರೆ ಗಾಬರಿ ಬೇಡ. ಕೇಳುವಿಕೆಗೆ ಅದರಿಂದ ತೊಂದರೆ ಅಪರೂಪ.

ಮುಚ್ಚದೆ ಉಳಿಯುವುದು ಯಾವಾಗ? ಹೊರಚರ್ಮ ರಂಧ್ರದ ಅಂಚು ದಾಟಿ ಒಳಪೊರೆಯನ್ನು ಕೂಡಿಕೊಂಡರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಪದೇ ಪದೇ ಕಿವಿ ಸೋರಿದರೆ, ನಳಿಕೆ ಬಹುಕಾಲ ಇದ್ದರೆ ಈ ಅಪಾಯ ಹೆಚ್ಚು. ಅಲ್ಪಾವಧಿಯ ಗ್ರೊಮೆಟ್‌ನಲ್ಲಿ ಹೀಗಾಗುವುದು ನೂರಕ್ಕೆ ಸುಮಾರು 2. ದೀರ್ಘಾವಧಿಯ ನಳಿಕೆಗಳಲ್ಲಿ ಸುಮಾರು 17. ಕೆಲವು ತಿಂಗಳು ಕಾದು ನೋಡಿ, ಮುಚ್ಚದಿದ್ದರೆ ಅಂಚನ್ನು ಹೊಸದಾಗಿ ಕೆರೆದು ತೆಳು ಕಾಗದ ಅಥವಾ ಕಿವಿಹಾಲೆಯ ಕೊಬ್ಬಿನ ತೇಪೆ ಹಾಕುತ್ತಾರೆ. ದೊಡ್ಡ ತೂತಿಗೆ ಶಸ್ತ್ರಚಿಕಿತ್ಸೆ.

ರಂಧ್ರ ತೆರೆದಿರುವಾಗ ಕಿವಿ ಸೋರಿದರೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಹನಿ ಕೊಡುವುದು ವಾಡಿಕೆ. ಹನಿ ಬಿಟ್ಟು, ಕಿವಿಯ ಮುಂದಿನ ಗುಬುಟನ್ನು ನಾಲ್ಕೈದು ಸಲ ಒತ್ತಿದರೆ ಔಷಧ ಒಳಗಿಳಿಯುತ್ತದೆ. ಮನೆಯಲ್ಲಿ ಉಳಿದ ಜೆಂಟಾಮೈಸಿನ್, ನಿಯೊಮೈಸಿನ್ ಹನಿಗಳನ್ನು ವೈದ್ಯರನ್ನು ಕೇಳದೆ ಬಿಡಬೇಡಿ, ಒಳಗಿವಿಗೆ ಹಾನಿಯಾದೀತು.

ಗ್ರೊಮೆಟ್ ಬಿದ್ದ ಮೇಲೆ ಟಿಂಪನೋಮೆಟ್ರಿ, ಅಂದರೆ ಕಿವಿನಾಳದ ಗಾಳಿಯೊತ್ತಡ ಬದಲಿಸುತ್ತ ತಮಟೆ ಎಷ್ಟು ಅಲುಗುತ್ತದೆ ಎಂದು ಗೆರೆಯಾಗಿ ತೋರಿಸುವ ಪರೀಕ್ಷೆ, ಮಾಡಿಸಿದರೆ ಸಂಶಯ ಬಗೆಹರಿಯುತ್ತದೆ. ಗೆರೆ ಚಪ್ಪಟೆಯಾಗಿದ್ದು ಕಿವಿನಾಳದ ಗಾತ್ರ ವಿಪರೀತ ಹೆಚ್ಚು ತೋರಿಸಿದರೆ ತೂತು ಇನ್ನೂ ಇದೆ. ಗೆರೆ ಚಪ್ಪಟೆ, ಗಾತ್ರ ಮಾಮೂಲು ಎಂದರೆ ತಮಟೆ ಕೂಡಿಕೊಂಡಿದೆ, ಹಿಂದೆ ಮತ್ತೆ ನೀರು ತುಂಬಿರಬಹುದು.